ತುದಿಯಲ್ಲಿ ಸಿಕ್ಕ ಕೋಲು

ಅಪ್ಪಾ,

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ, ಆದರೂ ಹೇಳಲೇಬೇಕು. ದೇಶದುದ್ದಕ್ಕೂ ಹೋಗುವ ಕಾಲುದಾರಿಯನ್ನು ಪೂರ್ತಿ ನಡೆದೇ ಬರುತ್ತೇನೆಂದು ನೀನು ಹಿಡಿದು ಹೊರಟ ಕೋಲು ಇವತ್ತು ಆ ದಾರಿಯವರಿಗೆಂದು ನಾವು ನಡೆಸುವ ತಂಗುಮನೆಗೆ ಬಂತು, ಬೇರೊಬ್ಬ ಹುಡುಗನ ಕೈಯಲ್ಲಿ. ಹಿಡಿಗೆ ನಾನೇ ಸುತ್ತಿದ್ದ ನೀಲಿ ಬಟ್ಟೆ ನೋಡಿ ಗುರುತು ಹಿಡಿದೆ. ಕದ್ದನೋ, ನಿನಗೇನಾದರೂ ಮಾಡಿದನೋ? ಅವನು ಬೂಟು ಬಿಚ್ಚುವ ಮೊದಲೇ ಬಾಗಿಲಿಗೆ ಅಡ್ಡ ನಿಂತೆ.

"ಬೆಟ್ಟದ ತುದೀಲಿ ಸಿಕ್ತು ಅಕ್ಕಾ," ಎಂದ, ಕಣ್ಣು ತಪ್ಪಿಸಿ.

"ತುದೀಲಿ ಕೋಲು ಬಿಟ್ಟು ಇಳಿಯೋದು ಹೇಗೆ? ನನ್ ಕಿವಿ ಮೇಲೆ ಹೂ ಇಡಬೇಡ. ನಡಿಗೆ ಕೈಬಿಟ್ಟೋರು ಮಾತ್ರ ಬೇರೆಯವರಿಗೆ ಕೋಲು ಕೊಡೋದು, ಅದೂ ಬಸ್ ಸ್ಟಾಪಲ್ಲಿ. ನಮ್ಮಪ್ಪ ಅಂಥೋರಲ್ಲ. ನಿಜ ಹೇಳು, ಇಲ್ಲ ಪೊಲೀಸರನ್ನ ಕರೀತೀನಿ."

ಅವನು ತಲೆ ತಗ್ಗಿಸಿದ. "ಹೋದ ವಾರ ಬಸ್ ಸ್ಟಾಪಲ್ಲೇ ಕೊಟ್ರು ಅಕ್ಕಾ. ಮಂಡಿ ಬಾತುಹೋಗಿತ್ತು. 'ನಿಜ ಹೇಳಿದ್ರೆ ಮಗಳು ನಗ್ತಾಳೆ, ತುದೀಲಿ ಸಿಕ್ತು ಅನ್ನು' ಅಂತ ಹೇಳಿ, ಈ ಕಡೆ ಬರೋ ಬಸ್ಸೇ ಹತ್ತಿದ್ರು."

ಅವನಿಗೆ ದಾರಿ ಬಿಟ್ಟು, ಕೋಲನ್ನು ಬಾಗಿಲ ಹಿಂದೆ ಒರಗಿಸಿದೆ.

ಆ ಬಸ್ಸು ದಿನಾ ನಮ್ಮ ತಂಗುಮನೆ ಮುಂದೆಯೇ ನಿಲ್ಲುತ್ತದೆ, ಅಪ್ಪಾ. ಆ ಹೊತ್ತಿಗೆ ನಾನು ಅಂಗಳದಲ್ಲಿ ಹೊದಿಕೆ ಒಣಹಾಕುತ್ತಿರುತ್ತೇನೆ. ನಿನಗೆ ಕಂಡೇ ಇರುತ್ತೇನೆ; ನೀನು ಮಾತ್ರ ಇಳಿಯಲಿಲ್ಲ.