ಏರಿನ ತುದಿಯ ನಲ್ಲಿ

ಅಪ್ಪಾ,

ಇವತ್ತು ನಮ್ಮ ಭಾನುವಾರದ ದಾರಿಯಲ್ಲೇ ಸೈಕಲ್ ತುಳಿದೆ. ಸೂರ್ಯಕಾಂತಿ ಹೊಲ ದಾಟಿ ಮೊಂಬ್ರಾಕ್ ಊರಿನ ಏರು ಮುಗಿಯುವವರೆಗೆ ಎದುರಾದದ್ದು ಒಂದೇ ಟ್ರ್ಯಾಕ್ಟರ್. ತುದಿಯ ಸ್ಮಶಾನದ ನಲ್ಲಿ ಹಾಗೇ ಇದೆ.

ಚಿಕ್ಕಂದಿನಲ್ಲಿ ನಾನು ಏದುಸಿರು ಬಿಡುತ್ತ ಮೇಲೆ ಬರುವಾಗ ನೀನು ಅಲ್ಲಿ ಇನ್ನೂ ಬಾಟಲಿ ತುಂಬಿಸುತ್ತಲೇ ಇರುತ್ತಿದ್ದೆ. "ಈ ನಲ್ಲಿ ತುಂಬಾ ನಿಧಾನ ಕಣೇ," ಅನ್ನುತ್ತಿದ್ದೆ. ಇವತ್ತು ನಾನೇ ತಿರುಗಿಸಿ ನೋಡಿದೆ. ಹತ್ತು ಎಣಿಸುವಷ್ಟರಲ್ಲಿ ಬಾಟಲಿ ತುಂಬಿತು.

ನಿನಗೆ ಎಪ್ಪತ್ತಾದ ಮೇಲೆ ಮೊದಲು ಮೇಲೆ ತಲುಪುತ್ತಿದ್ದವಳು ನಾನು. ನನ್ನ ಸೈಕಲ್ಲಿನಲ್ಲಿ ಎರಡು ಬಾಟಲಿ ಇರುತ್ತಿದ್ದವು. ಅಲ್ಲಿ ನಿಲ್ಲುವ ಅಗತ್ಯವೇ ಬೀಳಲಿಲ್ಲ.

ಇವತ್ತು ನಿಂತೆ. ತುಂಬಿಸಿದೆ, ಚೆಲ್ಲಿದೆ, ಮತ್ತೆ ತುಂಬಿಸಿದೆ. ಗಂಡನ ಗೋರಿಯ ಹೂಗಿಡಕ್ಕೆ ನೀರು ಹಿಡಿಯಲು ಬಂದಿದ್ದ ಸೊಲಾಂಜ್ ಅಜ್ಜಿ ಕ್ಯಾನು ಹಿಡಿದು ಕಾದು ಕಾದು ಕೇಳಿದರು: "ಏನಮ್ಮಾ, ನಿನ್ನ ಬಾಟಲಿ ತೂತಾ?"

"ಇಲ್ಲಜ್ಜಿ. ಅಪ್ಪ ಹಿಂದೆ ಬರ್ತಿದಾನೆ."

ನಿನ್ನನ್ನು ಮಣ್ಣು ಮಾಡುವಾಗ ಬಂದಿದ್ದವರು ಅವರು. ಖಾಲಿ ರಸ್ತೆಯನ್ನು ಒಮ್ಮೆ ನೋಡಿದರು. ಆಮೇಲೆ ಕ್ಯಾನು ಕೆಳಗಿಟ್ಟು ಗೋಡೆಯ ಮೇಲೆ ಕೂತರು.

"ಹಾಗಾದ್ರೆ ನಿಧಾನಕ್ಕೆ ತುಂಬಿಸ್ಕೋ," ಅಂದರು.