ನೀನು ಬಿಟ್ಟುಹೋದ ನೋಟಬುಕ್

ಮೇಡ್ಲೇರಿ
೧೭ ಆಗಸ್ಟ್ ೨೦೨೫

ಪ್ರೀತಿಯ ಶಿಲ್ಪಾ,

ನಿನ್ನ ಇಂಗ್ಲೆಂಡಿನ ವಿಳಾಸವನ್ನು ಒಂದೊಂದೇ ಅಕ್ಷರ ನೋಡಿ ಬರೆದಿದ್ದೇನೆ, ಕಾಗದ ಮುಟ್ಟಿದರೆ ಪುಣ್ಯ. ಫೋನ್ ಇರುವಾಗ ಇವನಿಗೇಕೆ ಕಾಗದ ಎನ್ನಬೇಡ. ಫೋನ್ ಹಚ್ಚಿದರೆ ಅವ್ವ ಪಕ್ಕದಲ್ಲೇ ಬಂದು ಕೂಡುತ್ತಾಳೆ.

ಮೊದಲೇ ಹೇಳಿಬಿಡುತ್ತೇನೆ. ನಾನು ನಿನ್ನ ಹತ್ತಿರ ಬರಬೇಕಾದರೆ ಪಾಸಾಗಬೇಕಿದ್ದ ಆ ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರನೇ ಸಲವೂ ನಪಾಸಾದೆ. ನೀನು ಮನೆ ಹುಡುಕುವುದು, ವೀಸಾದ ಅರ್ಜಿ ತುಂಬುವುದು ಎಲ್ಲ ನಿಲ್ಲಿಸು. ಅವ್ವನಿಗೂ ಹೇಳಿದೆ. “ನಿನ್ನ ತಲಿಯಾಗ ಬರೇ ಮೆಣಸಿನಕಾಯಿ ಬೀಜ ಅದಾವ ನೋಡು” ಎಂದು ಬೈದು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದಲಿಲ್ಲವೆಂದು ಮಾತ್ರ ತಿಳಿಯಬೇಡ. ಹೊಲದ ಬೀಜದ ಪ್ಲಾಟಿನಲ್ಲಿ ಮೆಣಸಿನ ಹೂವಿಗೆ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟುವಾಗ ಗಿಡಕ್ಕೊಂದು ಶಬ್ದ ಹೇಳಿಕೊಳ್ಳುತ್ತಿದ್ದೆ. ಕೂಲಿ ಹೆಂಗಸರು ಬಿದ್ದು ಬಿದ್ದು ನಕ್ಕರು.

ಶಬ್ದಗಳೆಲ್ಲ ನೀನು ಬಿಟ್ಟುಹೋದ ನೋಟಬುಕ್ಕಿನವು. ನೀನು ಇಂಗ್ಲೆಂಡಿನ ನರ್ಸ್ ಕೆಲಸಕ್ಕೆ ಬೇಕಿದ್ದ ಇಂಗ್ಲಿಷ್ ಪರೀಕ್ಷೆಗೆಂದು ಹಾವೇರಿಯ ಕ್ಲಾಸಿಗೆ ಹೋಗುತ್ತಿದ್ದಾಗ ಅಲ್ಲಿನ ಸರ್, ದಿನಕ್ಕೆ ಹತ್ತು ಶಬ್ದ ಕಲಿಯಿರಿ, ಪ್ರತಿ ಶಬ್ದಕ್ಕೂ ನಿಮ್ಮ ಬದುಕಿನದೇ ಒಂದು ವಾಕ್ಯ ಬರೆಯಿರಿ, ಆಗ ಮರೆಯುವುದಿಲ್ಲ ಎಂದಿದ್ದರಲ್ಲ. ನೀನು ಬರೆದದ್ದು ಎರಡು ವರ್ಷದ ಹಿಂದೆ. ನನಗೆ ಓದಿ ಅರ್ಥವಾದದ್ದು ಈ ಬೇಸಿಗೆಯಲ್ಲಿ.

‘ಪರ್ಮಿಶನ್’ ಎಂಬಲ್ಲಿ, ಬ್ಯಾಡಗಿಗೆ ಹೋಗಿ ಅಪ್ಪನನ್ನು ನೋಡಬೇಕಾದರೆ ಮೂವರನ್ನು ಕೇಳಬೇಕು ಎಂದು ಬರೆದಿದ್ದೀಯ. ‘ಟಯರ್ಡ್’ ಎಂಬಲ್ಲಿ, ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು ಎಂಟು ಜನಕ್ಕೆ ರೊಟ್ಟಿ ಬಡಿಯುತ್ತೇನೆ, ನೀನು ಉಂಡೆಯಾ ಎಂದು ಯಾರೂ ಕೇಳುವುದಿಲ್ಲ. ‘ಪ್ರಿಟೆಂಡ್’ ಎಂಬಲ್ಲಿ, ಗಂಡ ಮನೆಗೆ ಬಂದಾಗ ಸುಖವಾಗಿರುವ ಹಾಗೆ ನಟಿಸುತ್ತೇನೆ. ಆ ಶಬ್ದದ ಅರ್ಥಕ್ಕೆ ನಾನು ಡಿಕ್ಷನರಿ ತೆಗೆಯಬೇಕಾಯಿತು. ಇನ್ನು ಮರೆಯಲಾರೆ. ನಿಮ್ಮ ಸರ್ ಹೇಳಿದ್ದು ಖರೇ.

ನೆನಪಿದೆಯೇ? ಪಕ್ಕದ ಮನೆಯ ನಿಜಲಿಂಗಪ್ಪ ಕಾಕಾ ಬಂದಾಗ ನಾನೇ ಆ ನೋಟಬುಕ್ ನಿನ್ನ ಕೈಗೆ ಕೊಟ್ಟು, “ನಮ್ಮಾಕಿ ಇಂಗ್ಲಿಷ್ ಹೆಂಗ ಓದ್ತಾಳ ಕೇಳ್ರಿ” ಎಂದಿದ್ದೆ. ನೀನು ನಿಂತು ಒಂದು ಪುಟ ಓದಿದೆ. ಅವ್ವ, “ಏನ್ ಚಂದ ಓದ್ತಾಳ, ಇನ್ನೊಮ್ಮಿ ಓದಲಿ” ಎಂದಳು. ನೀನು ಗೋಡೆಯ ಕಡೆ ತಿರುಗಿ ಮತ್ತೊಮ್ಮೆ ಓದಿದೆ. ಎಲ್ಲರೂ ಚಪ್ಪಾಳೆ ಹೊಡೆದೆವು. ಅವತ್ತು ಕಾಕಾನ ಚಹಾ ಚೆಲ್ಲಿದ ಕಲೆ ಪುಟದ ಮೇಲೆ ಇನ್ನೂ ಇದೆ. ಆ ಕಲೆ ನೋಡಿಯೇ ಈಗ ತಿಳಿಯಿತು, ನೀನು ಓದಿದ್ದು ರೊಟ್ಟಿಯ ಪುಟ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರಲ್ಲ, ನಿನ್ನ ಪಾಲಿನ ಕೋಣ ಚಪ್ಪಾಳೆ ಬೇರೆ ಹೊಡೆದಿತ್ತು.

ಕೊನೆಯ ಶಬ್ದ ‘ಎಸ್ಕೇಪ್’. ಈ ಪರೀಕ್ಷೆ ಪಾಸಾದರೆ ನಾನು ಪಾರಾದೆ ಎಂದಷ್ಟೇ ಬರೆದಿದ್ದೀಯ. ಯಾರಿಂದ ಎಂದು ಬರೆದಿಲ್ಲ.

ಹೊರಡುವ ದಿನ ಇದನ್ನು ಮರೆತು ಹೋದೆಯೋ, ಓದಲಿ ಎಂದೇ ಟ್ರಂಕಿನ ಮೇಲಿಟ್ಟೆಯೋ, ಕೇಳಲು ನನಗೆ ಧೈರ್ಯವಿಲ್ಲ. ಬಹಳ ನಾಚಿಕೆಯಾಗಿದೆ ಶಿಲ್ಪಾ. ಊಟ ಸೇರುತ್ತಿಲ್ಲ. ರೊಟ್ಟಿ ಮುರಿದರೆ ಸಾಕು, ಆ ವಾಕ್ಯ ನೆನಪಾಗುತ್ತದೆ.

ನೀನು ಉಂಡೆಯಾ?

ಇಷ್ಟು ತಡವಾಗಿ ಕೇಳುತ್ತಿರುವ,
ನಿನ್ನ ಮೈಲಾರಲಿಂಗ

ತಾ.ಕ.: ನಪಾಸಾದೆ ಎಂದದ್ದು ಸುಳ್ಳು. ಪಾಸಾಗಿ ಹದಿನೆಂಟು ದಿನವಾಯಿತು. ಸರ್ಟಿಫಿಕೇಟು ನಿನ್ನ ನೋಟಬುಕ್ಕಿನೊಳಗೇ ಇದೆ, ಯಾರಿಗೂ ತೋರಿಸಿಲ್ಲ. ನೀನು ಬಾ ಎಂದರೆ ಬರುತ್ತೇನೆ. ಬೇಡವಾದರೆ ಒಂದಕ್ಷರವನ್ನೂ ಬರೆಯಬೇಡ. ಊರಿಗೆಲ್ಲ ನಾನು ನಪಾಸಾದವನೇ ಆಗಿ ಉಳಿಯುತ್ತೇನೆ, ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ.