ಹೊರಗಿಟ್ಟ ಹೊಲಿಗೆ

೩ ಜೂನ್ ೧೯೭೪, ಸೋಮವಾರ. ಸಂಶಿ.

"ತೊಳೆದ ಅರಿವೆಗೆ ಹಳೆಯ ಮೈಯ ನೆನಪಿಲ್ಲ..." ಮುಂದಿನ ಸಾಲು ಮರೆತಿದೆ. ಎಲ್ಲಿ ಓದಿದ್ದು ಎಂಬುದೂ. ನೆನಪಿಲ್ಲ ಎಂದಿತ್ತೋ, ನೆನಪುಂಟು ಎಂದಿತ್ತೋ — ಅದೂ ಖಾತ್ರಿಯಿಲ್ಲ. ಬರೆದವರು ಯಾರೇ ಇರಲಿ, ಬಟ್ಟೆ ಒಗೆದವರಂತೂ ಅಲ್ಲ. ಇಂದು ಅವ್ವನ ಸೀರೆಯನ್ನು ಮೂರನೇ ಸಲ ಕುದಿಸಿದೆ. ಅಂಚಿನ ಬಳಿ ಅರಿಷಿಣದ ಕಲೆ ಹಾಗೆಯೇ ಇದೆ. ನಮ್ಮ ಕವಿಗಳನ್ನು ಒಂದು ತಿಂಗಳು ಒಗೆಯುವ ಕಲ್ಲಿನ ಮುಂದೆ ನಿಲ್ಲಿಸಿದ್ದರೆ ಕನ್ನಡ ಕಾವ್ಯ ಅರ್ಧಕ್ಕೆ ಇಳಿಯುತ್ತಿತ್ತು. ಒಳ್ಳೆಯದೇ ಆಗುತ್ತಿತ್ತು.

ಕೂಸಿನ ಲಂಗೋಟಿ ಹನ್ನೆರಡು ಮುಗಿದವು. ನಮೂನೆಯನ್ನು ನನ್ನ ಎಂ.ಎ. ಟಿಪ್ಪಣಿಗಳ ದಪ್ಪ ಕಾಗದದಿಂದಲೇ ಕತ್ತರಿಸಿದ್ದೇನೆ. ಒಂದು ಮೂಲೆಯಲ್ಲಿ ಇನ್ನೂ "ಕರುಣ ರಸ" ಎಂದು ಓದಬಹುದು. ಇಪ್ಪತ್ತು ವರ್ಷದಲ್ಲಿ ಆ ಟಿಪ್ಪಣಿಗೆ ಒದಗಿದ ಮೊದಲ ಕೆಲಸ.

ಈ ಕಡೆ ಹುಟ್ಟಿದ ಕೂಸಿಗೆ ಹೊಸ ಅರಿವೆ ತಾಗಿಸುವುದಿಲ್ಲ. ಹಳೆಯದೇ ಬೇಕು. ಅದೂ ಬಹಳ ವರ್ಷ ಬದುಕಿದವರದು. ಆಯುಷ್ಯ ಅರಿವೆಯಿಂದ ಮೈಗೆ ಹತ್ತುತ್ತದಂತೆ. ಅವ್ವ ಎಂಬತ್ತೆಂಟು ವರ್ಷ ಬದುಕಿದಳು. ಅವಳ ನೂಲಿನ ಸೀರೆಗಳಿಗೆ ಈಗ ಸಿಗುವ ಮರ್ಯಾದೆ ಅವಳಿಗೆ ಸಿಕ್ಕಿದ್ದನ್ನು ನಾನು ನೋಡಲಿಲ್ಲ. ಟ್ರಂಕಿನಲ್ಲಿ ಒಂಬತ್ತಿದ್ದವು. ಎರಡು ಉಳಿದಿವೆ. ಅದರಲ್ಲಿ ಒಂದನ್ನು ಮುಟ್ಟುವುದಿಲ್ಲ — ನನ್ನ ಘಟಿಕೋತ್ಸವಕ್ಕೆ ಧಾರವಾಡಕ್ಕೆ ಉಟ್ಟುಕೊಂಡು ಬಂದದ್ದು.

ಮಧ್ಯಾಹ್ನ ಜಮೀಲಾಬಿ ಬಂದು ಹನ್ನೆರಡನ್ನೂ ಮಾರಲೆಂದು ಬಳೆಯ ಬುಟ್ಟಿಯ ತಳಕ್ಕೆ ಇಟ್ಟುಕೊಂಡು ಹೋದಳು. ಊರಿನ ಬಸುರಿಯರಿಗೆಲ್ಲ ಬಳೆ ಇಡಿಸುವವಳು ಅವಳೇ. ಯಾವ ಮನೆಯಲ್ಲಿ ಯಾವ ತಿಂಗಳು ಎಂಬುದು ಅವಳ ಬಾಯಲ್ಲಿದೆ.

೬ ಜೂನ್, ಗುರುವಾರ

ಹಿಟ್ಟಿನ ಗಿರಣಿಯಲ್ಲಿ ರೇವವ್ವ. ಮೊಮ್ಮಗಳು ಹುಟ್ಟಿದ್ದಾಳೆ. "ಜಮೀಲಾಬಿ ಕೈ ಅಗದಿ ಚೊಲೋ ಐತ್ರಿ ಅಕ್ಕೋರ. ಏಳು ಹಡದು ಏಳೂ ಉಳಿಸ್ಯಾಳ. ಆಕಿ ಕೈಲೆ ಹೊಲದದ್ದಂತನ ಲಂಗೋಟಿ ತಗೊಂಡೆ."

ಆಕಿ ಕೈಲೆ!

ಸಂಜೆ ಜಮೀಲಾಬಿಯನ್ನು ಕೇಳಿದೆ. ನಾಚಲೂ ಇಲ್ಲ, ಹೆದರಲೂ ಇಲ್ಲ. "ಅವ್ವಾರ ಸೀರಿ ಅಂತ ಹೇಳೇನಿ, ಅದು ಖರೆ. ಹೊಲದವರು ಯಾರು ಅಂತ ಮೊದಲನೇ ದಿನ ಕೇಳಿದ್ರು, ನಿಮ್ಮ ಹೆಸರೂ ಹೇಳಿ ನೋಡೇನ್ರಿ. ಬುಟ್ಟಿ ಮ್ಯಾಲಿನ ಅರಿವಿ ಮುಚ್ಚಿ, ಹೋಗಿ ಬಾ ಅಂದ್ರು. ನಾ ಏನ್ ಮಾಡ್ಲಿ? ನಿಮ್ಮ ಹೆಸರು ದೊಡ್ಡದು ಅಕ್ಕೋರ, ಕೂಸಿನ ಕುಂಡಿಗೆ ಯಾಕ ಬೇಕದು?"

ನಗು ಬಂತು. ತಡೆದುಕೊಂಡೆ.

ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಾಗ ನನಗೆ ಇಪ್ಪತ್ತೆರಡು. ತವರಿಗೆ ಬಂದೆ, ಓದಿದೆ, ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಈ ಊರಿನ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದೆ. ಅವರ ಬಾಯಿಗೆ ನನ್ನ ಪದ್ಯ ಆಗುತ್ತಿತ್ತು. ಅವರ ಕೂಸಿಗೆ ನನ್ನ ಹೊಲಿಗೆ ಆಗದು. ಎಂಥ ಜನ!

"ಹಂಗ ಹೇಳಕೋತ ಹೋಗು" ಎಂದೆ ಜಮೀಲಾಬಿಗೆ. ಅವರ ಮೂರ್ಖತನವನ್ನು ತಿರಸ್ಕರಿಸುತ್ತೇನೆ, ಅದರ ಮೇಲೆಯೇ ಮಾರಾಟವನ್ನೂ ನಡೆಸುತ್ತೇನೆ.

೧೪ ಜೂನ್, ಶುಕ್ರವಾರ

ಆರು ಬೇಕಂತೆ, ಅಗದಿ ಮೆತ್ತಗಿನವು. ಯಾರಿಗೆಂದು ಜಮೀಲಾಬಿ ಹೇಳುವಾಗ ಅವಳೂ ದನಿ ತಗ್ಗಿಸಿದಳು. ಬಾಜು ಮನೆಯ ಶಾರದವ್ವ.

ನಮ್ಮ ಹಿತ್ತಲಿಗೂ ಅವರದಕ್ಕೂ ನಡುವೆ ಎದೆಮಟ್ಟದ ಗೋಡೆ. ಮಗಳು ಅನ್ನವ್ವನನ್ನು ಮೊರಬಕ್ಕೆ ಕೊಟ್ಟಿದ್ದಾರೆ. ಮೊದಲಿನೆರಡು ಕೂಸು ತಿಂಗಳೊಳಗೇ ಹೋದವು. ಮೂರನೆಯದಕ್ಕೆ ತವರಿಗೆ ಬಂದಿದ್ದಾಳೆ. ನಾನು ಹಿತ್ತಲಿಗೆ ಕಾಲಿಟ್ಟರೆ ಸಾಕು, "ಅನ್ನವ್ವ, ಒಳಗ ಬಾ" ಎಂದು ಶಾರದವ್ವನ ಕೂಗು. ನನ್ನ ಕಣ್ಣು ಬೀಳಬಾರದು. ಕೈ ಮಾತ್ರ ಬೀಳಬಹುದು, ಗೊತ್ತಾಗದಿದ್ದರೆ.

ಹುಟ್ಟುವ ಮುಂಚೆ ಕೂಸಿನ ಅರಿವೆ ಮನೆಯೊಳಗೆ ಬರಬಾರದಂತೆ. ಗಂಟು ಜಮೀಲಾಬಿಯ ಮನೆಯಲ್ಲೇ ಇರುತ್ತದೆ.

ಆಗುವುದಿಲ್ಲ ಎನ್ನಬೇಕಿತ್ತು. ಕತ್ತರಿಸಬಹುದಾದ ಕೊನೆಯ ಸೀರೆಯನ್ನು ತೆಗೆದೆ; ಅತಿ ಮೆತ್ತನೆಯದು, ಸವೆದ ಕಡೆ ಬಿಟ್ಟರೆ ಆರಕ್ಕಷ್ಟೇ ಸಾಲುತ್ತದೆ. ಅನ್ನವ್ವ ನನ್ನ ಶಾಲೆಯ ಹುಡುಗಿ. ಕಂಠಪಾಠ ಒಪ್ಪಿಸುವಾಗ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚುತ್ತಿದ್ದಳು.

೨೯ ಜೂನ್, ಶನಿವಾರ

ಗಂಡು. ಬೆಳಿಗ್ಗೆ ಹತ್ತಕ್ಕೆ. ಗೋಡೆಯಾಚೆ ಅಳು ಕೇಳಿತು — ಗಟ್ಟಿಯಾಗಿದೆ. ಜಮೀಲಾಬಿ ಗಂಟು ಎತ್ತಿಕೊಂಡು ಓಡಿದಳು.

೫ ಜುಲೈ, ಶುಕ್ರವಾರ

ಬರೆಯಬಾರದು ಎಂದುಕೊಂಡಿದ್ದೆ...

ಮಳೆ ಸ್ವಲ್ಪ ನಿಂತಿತ್ತು. ಶಾರದವ್ವ ಗೋಡೆಯಾಚೆ ಲಂಗೋಟಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ನಾನು ನೀರು ಸೇದಲು ಹೋದೆ. ಮೊಮ್ಮಗ ಆರು ದಿನ ದಾಟಿದ್ದಾನೆ, ಅವಳಿಗೆ ಈಗ ಊರ ಮೇಲೆಲ್ಲ ಪ್ರೀತಿ. ನನ್ನನ್ನೇ ಕರೆದಳು!

"ಅಕ್ಕೋರ, ಇಲ್ಲೆ ನೋಡ್ರಿ." ಒಂದನ್ನು ಗೋಡೆಯ ಮೇಲೆ ಹರವಿದಳು. "ಹೊಲಿಗಿ ಹೊರಮಗ್ಗಲಕ ಇಟ್ಟಾಳ ಜಮೀಲಾಬಿ. ಮೊದಲ ಉಲ್ಟಾ ಹೊಲದಾಳಂತ ನಕ್ಕೆ. ಕೂಸಿನ ತೊಡಿಗೆ ತಾಗಬಾರದಂತ್ರಿ ಅದು! ಹಡದಾಕಿಗೆ ತಿಳಿಯೂ ಮಾತದು. ಪುಸ್ತಕ ಓದಿದವರಿಗೆ ಹೆಂಗ ತಿಳಿಬೇಕ್ರಿ, ನೀವ ಹೇಳ್ರಿ?"

ಹೇಳಿದೆ.

"ಆ ಹೊಲಿಗಿ ನಂದ್ರಿ, ಶಾರದವ್ವಾರ. ಅವ್ವ ಎರಡು ವರ್ಷ ಹಾಸಿಗ್ಯಾಗ ಇದ್ದಳಲ್ಲ, ಆಕಿಗೂ ಕಟ್ಟತಿದ್ದೆ. ಒಳಗಿನ ಹೊಲಿಗಿ ತಾಗಿ ತೊಡಿ ಹುಣ್ಣಾತು. ಆವಾಗ ಕಲತೆ. ಆರಕ್ಕ ಆರೂ ನಾನ ಹೊಲದೀನಿ."

ಅವಳ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು. ಹಿಂದೆ ಬಾಗಿಲಲ್ಲಿ ಅನ್ನವ್ವ, ಹೆಗಲ ಮೇಲೆ ಕೂಸು. ಪೂರ್ತಿ ಕೇಳಿಸಿಕೊಂಡಿದ್ದಳು. ಸೆರಗಿನ ತುದಿ ಹಲ್ಲಿನಲ್ಲಿ.

"ಒಳಗ ನಡಿಬೇ" ಎಂದಳು ಶಾರದವ್ವ. ಹಗ್ಗದಿಂದ ಆರನ್ನೂ ಎಳೆದುಕೊಂಡಳು.

೮ ಜುಲೈ, ಸೋಮವಾರ

ತಿಪ್ಪೆಯ ಮೇಲೆ ಬಿದ್ದಿವೆ. ನಮ್ಮ ಅಟ್ಟದ ಕಿಟಕಿಯಿಂದ ಕಾಣುತ್ತವೆ. ಮಳೆಗೆ ಒಂದಕ್ಕೊಂದು ಅಂಟಿಕೊಂಡಿವೆ.

ಸತ್ಯ ಹೇಳಿದೆ ಎಂದು ಬರೆದುಕೊಳ್ಳಬಹುದು. ಬರೆಯುವುದಿಲ್ಲ. ಹೊಗಳಿಕೆ ಬೇಕಾಗಿತ್ತು ನನಗೆ, ಅಷ್ಟೆ. ಒಂದು ಹೊಲಿಗೆಗೆ! ಅದಕ್ಕಾಗಿ ಎರಡು ಕೂಸು ಮಣ್ಣಿಗಿಟ್ಟ ಹುಡುಗಿಯ ಎದೆಯಲ್ಲಿ ಹೆದರಿಕೆ ಬಿತ್ತಿ ಬಂದೆ. ಶಾರದವ್ವನ ಮೂರ್ಖತನ ಯಾರನ್ನೂ ಇಷ್ಟು ನೋಯಿಸಿಲ್ಲ.

ಈ ಕೂಸಿಗೆ ಏನಾದರೂ ಆದರೆ — ಇಲ್ಲ, ನಂಬುವುದಿಲ್ಲ. ಆದರೂ ಬೆಳಗಿನಿಂದ ನಾಲ್ಕು ಸಲ ಗೋಡೆಯ ಬಳಿ ಹೋಗಿ ಅಳು ಕೇಳುತ್ತದೆಯೇ ಎಂದು ನಿಂತಿದ್ದೇನೆ. ಎಂ.ಎ. ಮಾಡಿದ ಹೆಂಗಸು.

೧೧ ಜುಲೈ, ಗುರುವಾರ

ಅಳು ಕೇಳುತ್ತದೆ. ನಿಲ್ಲುತ್ತಲೇ ಇಲ್ಲ. ಹುಬ್ಬಳ್ಳಿಯಿಂದ ಯಾರೋ ರೆಡಿಮೇಡ್ ಪ್ಲಾಸ್ಟಿಕ್ ಚಡ್ಡಿ ತಂದುಕೊಟ್ಟರಂತೆ. ತೊಡೆಯೆಲ್ಲ ಕೆಂಪಾಗಿ ಬೆಂದಿದೆಯಂತೆ. ಹೊಸ ಅರಿವೆ ಆಗದು ಎಂದವರಿಗೆ ಪ್ಲಾಸ್ಟಿಕ್ ಆಯಿತು. ನಗಬೇಕಿತ್ತು. ಬರಲಿಲ್ಲ.

ಹೇಳಿದವಳು ಜಮೀಲಾಬಿ. ಬುಟ್ಟಿ ಕೆಳಗಿಳಿಸಲಿಲ್ಲ. "ಓಣ್ಯಾಗ ಯಾರೂ ನನ್ನ ಕರೀವಲ್ರು. ಸುಳ್ಳಾಕಿ ಅಂತಾರ. ಇಷ್ಟು ಪದ್ಯ ಬಾಯಾಗ ಇಟ್ಕೊಂಡೀರಿ ಅಕ್ಕೋರ, ಅದರ ಜೊತಿ ಒಂದು ಸುಳ್ಳು ಹಿಡಸಲಿಲ್ಲೇನ್ರಿ?"

ಚಹಾ ಮಾಡಿಕೊಟ್ಟೆ. ನಿಂತೇ ಕುಡಿದು ಹೋದಳು.

೧೬ ಜುಲೈ, ಮಂಗಳವಾರ, ಬೆಳಿಗ್ಗೆ ಒಂಬತ್ತು

ಘಟಿಕೋತ್ಸವದ ಸೀರೆ ಹೊರಸಿನ ಮೇಲಿದೆ. ಪಕ್ಕದಲ್ಲಿ ಕತ್ತರಿ, "ಕರುಣ ರಸ"ದ ನಮೂನೆ. ಕೈ ಇನ್ನೂ ಹೋಗಿಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ಏಳಕ್ಕೆ ಶಾರದವ್ವ ಬಾಗಿಲಲ್ಲಿ. ಇಷ್ಟು ವರ್ಷದ ನೆರೆ, ಹೊಸ್ತಿಲಿಗೆ ಬಂದದ್ದು ಎರಡನೇ ಸಲ. ಮೊದಲನೆಯದು ಅವ್ವ ಸತ್ತ ದಿನ. ಒಳಗೆ ಬರ್ರಿ ಎಂದೆ. ಬರಲಿಲ್ಲ. ಸೆರಗಿನೊಳಗಿಂದ ಒಂದು ಲಂಗೋಟಿ ತೆಗೆದಳು. ತೊಳೆದದ್ದು. ಮಣ್ಣಿನ ಕಲೆ ಹೋಗಿಲ್ಲ, ಹೊಲಿಗೆ ಬಿಟ್ಟಿಲ್ಲ.

"ಬಾಣಂತಿ ಅನ್ನೂದರ ಖಬರೈತೇನ್ರಿ ಅನ್ನವ್ವಗ? ಮೊನ್ನಿ ಶುಕ್ರವಾರ ನಾ ಗಿರಣಿಗೆ ಹೋಗಿದ್ದೆ. ಸುರಿಯೂ ಮಳ್ಯಾಗ ತಿಪ್ಪಿಗೆ ಹೋಗಿ ಆರೂ ಆರಿಸ್ಕೊಂಡು ಬಂದು, ಕುದಿಸಿ, ಒಲಿ ಮುಂದ ಒಣಗಿಸಿ, ಕೂಸಿಗೆ ಕಟ್ಯಾಳ. ಬೈದೆ. ಏನಂದ್ಲು ಗೊತ್ತೈತೇನ್ರಿ? ಎರಡು ಕೂಸಿಗೆ ಎಲ್ಲಾ ನೀ ಹೇಳಿದಂಗ ಮಾಡಿದ್ನಲ್ಲವ್ವಾ, ಅಂದ್ಲು."

ಇಷ್ಟು ಹೇಳಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳ್ಳೆಯ ಮಾತೊಂದು ಬರಬಹುದೆಂದು ಕಾದೆ, ಸುಳ್ಳೇಕೆ ಹೇಳಲಿ.

"ಕಟ್ಟಿದಾಗಿಂದ ಕೂಸು ಮಲಗಾಕತ್ತೈತಿ. ತೊಡಿನೂ ಮಾಯ್ದಾವು. ಆದರ ಮಳ್ಯಾಗ ಆರು ಎಲ್ಲಿ ಸಾಲತಾವ್ರಿ? ಅವ್ವಾರ ಸೀರಿ ಇನ್ನೊಂದು ಐತೇನು?"

ಇದೆ ಎಂದೆ.

"ಹಂಗಾರ ಇನ್ನಾರು ಹೊಲೀರಿ. ನೀವ ಹೊಲೀರಿ, ಆಕಿ ಹಂಗ ಅಂದಾಳ. ಯಾರರ ಕೇಳಿದ್ರ ಮಾತ್ರ ಜಮೀಲಾಬಿ ಹೊಲದದ್ದು ಅನ್ನೋಣ್ರಿ, ಜನಾ ಚೊಲೋ ಇಲ್ಲ."

ಜನ ಚೆನ್ನಾಗಿಲ್ಲ! ಮೆಟ್ಟಿಲು ಇಳಿದಳು. ಅಂಗಳ ಅರ್ಧ ದಾಟಿ, ತಿರುಗಿ ಬಂದು, ಅದೇ ಬಾಗಿಲಲ್ಲಿ ನಿಂತು ಲಂಗೋಟಿಯ ಕಟ್ಟುವ ಕಸಿಯನ್ನು ಬೆರಳಿಗೆ ಸುತ್ತಿ ತೋರಿಸಿದಳು —

"ಈ ಕಸಿ ನಾಕ ಬಟ್ಟು ಉದ್ದ ಇಡ್ರಿ ಅಕ್ಕೋರ. ಕೂಸು ಮೈ ತುಂಬಕೋತ ಹೊಂಟೈತಿ."